ಸೀಲಂಟ್ ಡಬ್ಬಿ ಆಮ್ಯಾಲ, ಮೊದ್ಲ ಗಾಡಿ ಮೈ ನೋಡ್ರಿ

ಮೊನ್ನಿ ನಮ್ಮ ಅಕ್ಕನ ಮಗ ಫೋನ್ ಮಾಡಿದ್ದ, ಮಾಮಾ ಗಾಡಿ ಪೇಂಟಿಗೆ ಯಾವ ಸೀಲಂಟ್ ತಗೊಳ್ಲಿ, ಡಬ್ಬಿ ಮ್ಯಾಲ ಆರ್ ತಿಂಗ್ಳ ಬರ್ತದ ಅಂತ ಬರದಾರ, ನಂದು ಎರಡ್ ತಿಂಗ್ಳ ಆಗಿಲ್ಲ ಆಗ್ಲೇ ನೀರ್ ಹನಿ ಹನಿ ಆಗಿ ಉರುಳೋದ್ ಬಿಟ್ಟು ಹಂಗೇ ಪಸರಿಸಿ ನಿಲ್ಲಕತ್ತದ, ಕಂಪನಿ ಬದಲಿ ಮಾಡ್ಲೇನು ಅಂತ. ಹಚ್ಚೋಕಿಂತ ಮೊದ್ಲ ಏನೇನ್ ಮಾಡಿದ್ದೆಪ್ಪಾ ಅಂತ ಕೇಳ್ದೆ. ವಾಷಿಂಗ್ ಸೆಂಟರ್‌ನಾಗ ಫೋಮ್ ವಾಷ್ ಮಾಡ್ಸಿ, ಅಲ್ಲೇ ಬಿಸಲಾಗ ಒಣಗಿಸಿ, ಮನಿಗ್ ಬಂದು ಹಚ್ಚೀನಿ ಅಂದ. ಮುಗೀತಲ್ಲ. ಡಬ್ಬಿದೇನೂ ತಪ್ಪಿಲ್ಲ. ಕಲಬುರಗ್ಯಾಗ ಗಾಡಿ ಇಟ್ಕೊಂಡು, ಬರೇ ಶಾಂಪೂ ವಾಷ್ ಮ್ಯಾಲ ಸೀಲಂಟ್ ಹಚ್ಚಿದ್ರ ಎರಡ್ ಸಾವಿರದ ಡಬ್ಬಿನೂ ಅಷ್ಟೇ, ಐನೂರದ್ದೂ ಅಷ್ಟೇ. ಅಂವಗ ಫೋನಿನಾಗ ಅರ್ಧಂಬರ್ಧ ಹೇಳಿದ್ದು ಇಲ್ಲಿ ಪೂರಾ ಬರೀತೀನಿ, ಯಾಕಂದ್ರ ಬ್ಯಾರೆ ಬ್ಯಾರೆ ದೇಶದವ್ರು ಮಾಡಿದ್ ವಿಡಿಯೋ ನೋಡಿ ಮಾಡೋರಿಗೆ ನಮ್ಮೂರಿನ ಧೂಳಿನ ಹಿಕಮತ್ತು ಗೊತ್ತಾಗಲ್ಲ.

ಸೀಲಂಟ್ ಅಂದ್ರ ಏನು, ಪಾಲಿಮರ್. ಪೇಂಟಿನ ಮ್ಯಾಲಿರೋ ಬಣ್ಣ ಇಲ್ಲದ ಪದರಕ್ಕ, ಅಂದ್ರ ಕ್ಲಿಯರ್ ಕೋಟ್‌ಗೆ ಹತ್ಕೊಂಡು ಭಾಳ ತೆಳ್ಳಗ ಒಂದ್ ಪದರ ಆಗ್ತದ. ಅದು ಹತ್ಕೋಬೇಕಂದ್ರ ಕೆಳಗ ಕ್ಲಿಯರ್ ಕೋಟೇ ಸಿಗಬೇಕು. ಕೆಳಗ ಧೂಳು, ಎಣ್ಣಿ, ಹಳೀ ವ್ಯಾಕ್ಸು, ನೀರಿನ ಉಪ್ಪು ಇದ್ರ ಅದು ಅವಕ್ಕೇ ಹತ್ಕೊಳ್ತದ, ಮುಂದ ಅವು ಉದುರಿದಾಗ ಇದೂ ಅವುಗಳ ಕೂಡ ಹೋಗ್ತದ. ಧೂಳ್ ಹಿಡದ್ ಗ್ವಾಡಿ ಝಾಡಿಸದ ಸುಣ್ಣ ಹೊಡದ್ರ ಏನಾಗ್ತದೋ ಅದೇ ಇದು, ಮುಂದಿನ ಮಳಿಗಾಲಕ್ಕ ಹಕ್ಕಳ ಹಕ್ಕಳ ಎದ್ದು ಬರ್ತದ.

ಈಗ ನಮ್ಮ ಕಡಿ ಧೂಳಿನ ಮಾತು. ಸೇಡಂ ರೋಡ್ ಹಿಡದು ಹೊಂಟ್ರ ಮಳಖೇಡ, ಸೇಡಂ, ಆ ಕಡಿ ಚಿತ್ತಾಪುರ, ವಾಡಿ, ಶಹಾಬಾದ್, ಈ ಪೂರಾ ಪಟ್ಟಿ ಸುಣ್ಣದ ಕಲ್ಲಿನ ಮ್ಯಾಲೇ ಕುಂತದ. ರಾಷ್ಟ್ರಕೂಟರು ರಾಜಧಾನಿ ಕಟ್ಟಿದ್ದ ಮಳಖೇಡದಾಗ ಇವತ್ತ ಸಿಮೆಂಟ್ ಫ್ಯಾಕ್ಟರಿ, ಶಾಬಾದ್ ಕಲ್ಲಂತೂ ನಮ್ಮ ಮನಿ ಮನಿ ನೆಲದಾಗ ಅವ. ಅದಕ್ಕ ಇಲ್ಲಿ ಗಾಡಿ ಮ್ಯಾಲ ಕೂಡೋ ಧೂಳು ಬರೇ ಮಣ್ಣಲ್ಲ. ಕರಿ ಮಣ್ಣಿನ ಜೋಡಿ ಸುಣ್ಣದ ಕಲ್ಲಿನ ಪುಡಿ, ಸಿಮೆಂಟ್ ಪುಡಿ ಕೂಡಿರ್ತದ. ಸಿಮೆಂಟ್ ಒಣಾ ಇದ್ದಾಗ ಪಾಪದ್ದು, ಊದಿದ್ರ ಹಾರ್ತದ. ಅದಕ್ಕ ರಾತ್ರಿ ಇಬ್ಬನಿ ಬಿತ್ತಂದ್ರ, ಇಲ್ಲಾ ನಾವೇ ಅರ್ಧಾ ಬಕೀಟ್ ನೀರ್ ಹೊಡದು ಹಂಗೇ ಬಿಟ್ವಂದ್ರ, ತನ್ನ ಕೆಲಸ ಶುರು ಮಾಡ್ತದ. ಸಿಮೆಂಟಿನ ಕೆಲಸ ಏನು, ನೀರ್ ಕುಡದು ಗಟ್ಟಿ ಆಗೋದು. ಸಣ್ ಸಣ್ ಚುಕ್ಕಿ ಆಗಿ ಪೇಂಟಿನ ಮ್ಯಾಲೇ ಸೆಟ್ ಆಗ್ತದ, ಮ್ಯಾಲ ಅದು ಕ್ಷಾರ ಗುಣದ್ದು, ಹಸಿ ಸಿಮೆಂಟಿನ ಪಿಎಚ್ 12 ದಾಟ್ತದ. ಆ ಚುಕ್ಕಿ ಶಾಂಪೂಕ್ಕ ಹೋಗಲ್ರಿ, ನೀವು ಎಷ್ಟರೆ ಬುರುಗ್ ಎಬ್ಬಿಸ್ರಿ.

ಇದರ ಜೋಡಿ ಬೋರ್ ನೀರು. ಕುಡ್ಯೋ ನೀರಿಗೆ ಭಾರತದ ಸ್ಟಾಂಡರ್ಡ್ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗ ಇದ್ರ ಛಲೋ, ಬ್ಯಾರೆ ನೀರೇ ಇಲ್ಲಂದ್ರ 600 ತನಕ ನಡೀತದ ಅಂತ ಅದ. ನಿಮ್ಮ ಬೋರಿಂದು ಎಷ್ಟದ ಅಂತ ತಿಳ್ಕೋಳ್ಳಾಕ ಲ್ಯಾಬ್ ಬ್ಯಾಡ, ಗೀಝರ್ ಕಾಯಿಲ್ ತೆಗದು ನೋಡ್ರಿ, ಬಚ್ಚಲ ನಲ್ಲಿ ಬಾಯಿ ನೋಡ್ರಿ, ಬೆಳ್ಳಗ ಹಳ್ಳು ಕಟ್ಟಿರ್ತದಲ್ಲ, ಅದೇ ನಿಮ್ಮ ಬಾನೆಟ್ ಮ್ಯಾಲೂ ಕೂಡ್ತದ. ಬಿಸಲಾಗ ತೊಳದು ಹಂಗೇ ಒಣಗಾಕ ಬಿಟ್ರ ನೀರ್ ಹಾರಿ ಹೋಗ್ತದ, ಅದರೊಳಗಿನ ಕ್ಯಾಲ್ಸಿಯಂ ಮೆಗ್ನೀಸಿಯಂ ಅಲ್ಲೇ ಉಳೀತಾವ. ನಮ್ಮ ಅಳಿಯ ಸೀಲಂಟ್ ಹಚ್ಚಿದ್ದು ಇದರ ಮ್ಯಾಲ.

ಗಾಡಿ ಸ್ವಚ್ಛ ಅದನೋ ಇಲ್ಲೋ ಅಂತ ಕಣ್ಣಿಲೇ ನೋಡಿದ್ರ ಗೊತ್ತಾಗಲ್ಲ. ತೊಳದು ಒರಸಿದ ಮ್ಯಾಲ ಒಂದು ತೆಳ್ಳನ ಪ್ಲಾಸ್ಟಿಕ್ ಚೀಲ ತಗೊಂಡು, ಬ್ರೆಡ್ ಪ್ಯಾಕೆಟ್ ಕವರ್ ಇದ್ರೂ ನಡೀತದ, ಕೈಗ್ ಹಾಕ್ಕೊಂಡು ಬೆರಳ ತುದೀಲೇ ಬಾನೆಟ್ ಮ್ಯಾಲ ಹಗೂರ್ಕ ಸವರ್ರಿ. ಬರೀ ಕೈಗೆ ನುಣ್ಣಗ ಅನಿಸಿದ್ ಜಾಗಾನೇ ಚೀಲದಾಗಿಂದ ಸವರಿದ್ರ ಚರಚರ ಅಂತದ, ಒಂದೊಂದು ಕಣಾನೂ ಬೆರಳಿಗೆ ಹತ್ತತದ. ಮಾಡಿನ ಮ್ಯಾಲ, ಹಿಂದಿನ ಡಿಕ್ಕಿ ಮ್ಯಾಲ, ಬಾಗಲಾದ ಕೆಳಗಿನ ಭಾಗಕ್ಕ ಬ್ಯಾರೆ ಬ್ಯಾರೆ ಸವರ್ರಿ, ಎಲ್ಲಾ ಕಡೀನೂ ಒಂದೇ ನಮೂನಿ ಇರಲ್ಲ. ಈ ಚರಚರ ಹೋಗೋ ತನಕ ಸೀಲಂಟ್ ಡಬ್ಬಿ ಬಾಯಿ ತೆಗೀಬ್ಯಾಡ್ರಿ.

ಯಾವಾಗ ಮಾಡ್ಬೇಕಂದ್ರ, ನನ್ನ ಕೇಳಿದ್ರ ದೀಪಾವಳಿ ಮುಗದ್ ಮ್ಯಾಲ. ಮಳಿ ಹೋಗಿರ್ತದ, ಬಿಸಲು ಇನ್ನಾ ಬಂದಿರಲ್ಲ. ಏಪ್ರಿಲ್ ಮೇ ತಿಂಗ್ಳಾಗ 42, 43 ಡಿಗ್ರಿ ಇದ್ದಾಗ ಗಾಡಿ ಪತ್ರ, ಅಂದ್ರ ಮೈಮ್ಯಾಲಿನ ತಗಡು, ಮುಟ್ಟಿದ್ರ ಕೈ ಸುಡ್ತದ, ಅದರ ಮ್ಯಾಲ ಯಾವ ಕೆಮಿಕಲ್ ಹಾಕಿದ್ರೂ ಕೆಲಸ ಮಾಡೋಕಿಂತ ಮೊದ್ಲೇ ಒಣಗಿ ಕಲೆ ಬೀಳ್ತದ. ಅಲ್ಲದ ಆಗ ಮಂದಿ ಕೊಡ ಹಿಡ್ಕೊಂಡು ನಲ್ಲಿ ಮುಂದ ನಿಂತಿರ್ತಾರ, ನಾವು ಓಣ್ಯಾಗ ಪೈಪ್ ಹಿಡದು ಗಾಡಿ ತೊಳೀತಾ ನಿಂತ್ರ ಬೈಸ್ಕೋಬೇಕಾಗ್ತದ, ಬೈದ್ರ ಬರೋಬರಿನೂ ಅದ. ಡಿಸೆಂಬರ್ ಜನವರ್ಯಾಗ ತೊಗರಿ ರಾಶಿ ಟೈಮು, ಹಳ್ಳಿ ಕಡಿ ಹೋಗೋರಿದ್ರ ಡಾಂಬರ್ ರೋಡ್ ಮ್ಯಾಲೇ ಹರವಿರ್ತಾರ, ಅದರ ಹೊಟ್ಟು ಧೂಳು ಎಲ್ಲಾ ಗಾಡಿಗೇ, ಅದಕ್ಕ ಅದರ ಮೊದ್ಲೇ ಮುಗಿಸ್ಕೊಂಡ್ರ ಛಲೋ.

ಮೊದ್ಲ ತೊಳ್ಯೋದು. ಒಣ ಅರಬಿ ಮುಟ್ಟಿಸಬ್ಯಾಡ್ರಿ, ಮೊದ್ಲ ಬರೇ ನೀರ್ಲೇ ಮ್ಯಾಲಿಂದ ಕೆಳಗ ಧೂಳೆಲ್ಲಾ ಇಳಿಸ್ರಿ. ಎರಡು ಬಕೀಟ್, ಒಂದ್ರಾಗ ಶಾಂಪೂ ನೀರು, ಇನ್ನೊಂದ್ರಾಗ ಬರೇ ನೀರು ಅರಬಿ ಜಾಲಿಸ್ಲಾಕ. ಇದು ಎಲ್ಲಾರಿಗೂ ಗೊತ್ತಿದ್ದದ್ದೇ, ಭಾಳ ಹೇಳಲ್ಲ. ಹೇಳಬೇಕಾದ್ದು ಬ್ಯಾರೆ ಅದ. ನಮ್ಮ ಕಡಿ ಕೆಲವು ವಾಷಿಂಗ್ ಸೆಂಟರ್‌ನಾಗ ತೊಳದ್ ಮ್ಯಾಲ ಫಳಫಳ ಹೊಳೀಲಿ ಅಂತ ಡೀಸೆಲ್ ಇಲ್ಲಾ ಸೀಮೆಎಣ್ಣಿ ಅದ್ದಿದ ಅರಬಿಲೇ ಒಂದ್ ಸಲ ಮೈ ಒರಸಿ ಕೊಡ್ತಾರ, ನಮಗೂ ಖುಷಿ ಆಗ್ತದ, ಚಹಾದ ರೊಕ್ಕ ಜಾಸ್ತಿ ಕೊಟ್ಟು ಬರ್ತೀವಿ. ಆ ಎಣ್ಣಿ ಪದರದ ಮ್ಯಾಲ ಸೀಲಂಟ್ ಹತ್ತೋದೇ ಇಲ್ಲ. ಸೀಲಂಟ್ ಹಚ್ಚೋದ್ ಇದ್ರ ಮೊದ್ಲೇ ಹೇಳ್ರಿ, ಅಣ್ಣಾ ಬರೇ ನೀರು ಶಾಂಪೂ ಸಾಕು, ಕೊನೀಗ್ ಏನೂ ಒರಸಬ್ಯಾಡ ಅಂತ. ಟೈರಿಗೆ ಡ್ಯಾಶ್‌ಬೋರ್ಡಿಗೆ ಹಚ್ಚೋ ಪಾಲಿಶೂ ಆವತ್ತಿಗೆ ಬ್ಯಾಡ, ಅದರಾಗಿನ ಸಿಲಿಕೋನ್ ಸ್ಪ್ರೇ ಹಾರಿ ಬಾಗಲಿಗೆ ಕೂಡ್ತದ.

ಹಂಗೇ ಭಾಂಡೆ ತೊಳ್ಯೋ ಲಿಕ್ವಿಡ್‌ಲೇ ತೊಳದ್ರ ಹಳೀ ವ್ಯಾಕ್ಸ್ ಎಲ್ಲಾ ಹೋಗ್ತದ ಅಂತಾರ. ಸ್ವಲ್ಪ ಹೋಗ್ತದ, ಪೂರಾ ಅಲ್ಲ, ಹಳೀ ಸೀಲಂಟ್ ಅಂತೂ ಅಷ್ಟಕ್ಕ ಬಗ್ಗಲ್ಲ. ಅದನ್ನ ಖರೇ ತೆಗ್ಯೋದು ಮುಂದ ಬರೋ ಪಾಲಿಶಿಂಗೇ.

ಇನ್ನ ನಮ್ಮೂರಿಗೆ ಮುಖ್ಯ ಅಂತ ನಾ ಹೇಳೋ ಕೆಲಸ, ಯೂಟ್ಯೂಬ್‌ನವ್ರು ಬಹಳ ಮಂದಿ ಬಿಟ್ಟೇ ಬಿಡ್ತಾರ, ಸುಣ್ಣದ ಕಲೆ ತೆಗ್ಯೋದು. ಇದನ್ನ ಕ್ಲೇ, ಅಂದ್ರ ಪೇಂಟಿಗೆ ಅಂಟಿದ ಕಣ ಎತ್ತೋ ನಾದಿದ ಮಣ್ಣಿನಂಥ ಮುದ್ದಿ, ಹಿಡ್ಯೋಕಿಂತ ಮೊದ್ಲೇ ಮಾಡ್ಬೇಕು, ಯಾಕಂದ್ರ ಸೆಟ್ ಆದ ಸಿಮೆಂಟ್ ಚುಕ್ಕಿ ಕ್ಲೇದಾಗ ಸಿಕ್ಕೊಂಡ್ರ ಅದನ್ನೇ ಇಡೀ ಬಾನೆಟ್ ಮ್ಯಾಲ ಎಳದಾಡಿ ಗೀರ್ ಹಾಕ್ತೀವಿ. ಪ್ಯಾಟ್ಯಾಗ ವಾಟರ್ ಸ್ಪಾಟ್ ರಿಮೂವರ್ ಅಂತ ಸಿಗ್ತದ, ಇಲ್ಲಂದ್ರ ಕಿರಾಣಿ ಅಂಗಡ್ಯಾಗ ಗೋಬಿ ಮಂಚೂರಿ ಮಾಡೋರು ಒಯ್ಯೋ ಬಿಳೀ ವಿನೆಗರ್ ಸಾಕು. ಅದರಾಗ ಅಸಿಟಿಕ್ ಆಸಿಡ್ ನಾಕೈದು ಪರ್ಸೆಂಟ್ ಇರ್ತದ, ಅಷ್ಟೇ ಆರ್‌ಓ ನೀರ್ ಕೂಡಿಸಿ ಇನ್ನಷ್ಟು ಹಗೂರ ಮಾಡ್ಕೋರಿ. ನೆರಳಾಗ, ಪತ್ರ ತಣ್ಣಗಿದ್ದಾಗ, ಮೈಕ್ರೋಫೈಬರ್ ಅರಬಿ ಅದ್ದಿ ಕಲೆ ಮ್ಯಾಲ ಒಂದೆರಡು ನಿಮಿಷ ಹಾಸಿ ಬಿಡ್ರಿ, ತಿಕ್ಕಬ್ಯಾಡ್ರಿ, ಒಣಗ್ಲಾಕೂ ಬಿಡಬ್ಯಾಡ್ರಿ. ಅರಬಿ ಎತ್ತಿ ನೀರ್ ಹೊಡದ್ರ ಬಿಳೀ ಉಂಗುರ ಕರಗಿ ಹೋಗಿರ್ತದ. ಹೋಗ್ದ ಉಳದ್ರ ಅದು ಮ್ಯಾಲಿನ ಕಲೆ ಅಲ್ಲ, ಕ್ಲಿಯರ್ ಕೋಟೇ ಕೊರದು ಹೋಗ್ಯದ, ಅದಕ್ಕ ವಿನೆಗರ್ ಸುರೀತಾ ಕುಂತ್ರ ಉಪಯೋಗಿಲ್ಲ, ಪಾಲಿಶೇ ಬೇಕು. ಲಿಂಬಿಹಣ್ಣು ತಿಕ್ಕೋದು, ಬಾತ್‌ರೂಮ್ ಆಸಿಡ್ ಹಾಕೋದು ಅಂತ ಸಲಹಾ ಕೊಡೋ ಮಂದೀನೂ ಅದಾರ, ಅವರ ಗಾಡಿ ಒಮ್ಮಿ ನೋಡಿ ಆಮ್ಯಾಲ ಕೇಳ್ರಿ.

ವಿನೆಗರ್ ಪೂರಾ ತೊಳದ್ ಮ್ಯಾಲ ಐರನ್ ರಿಮೂವರ್. ಬ್ರೇಕ್ ಹಾಕಿದಾಗೊಮ್ಮಿ ಡಿಸ್ಕಿಂದ ಸಣ್ಣ ಕಬ್ಬಿಣದ ಪುಡಿ ಹಾರ್ತದ, ಬಿಸೀ ಇರ್ತದ, ಪೇಂಟಿನಾಗ ಚುಚ್ಚಿ ಕುಂತು ಅಲ್ಲೇ ತುಕ್ಕ ಹಿಡೀತದ. ಬಿಳೀ ಗಾಡಿ ಇದ್ದೋರಿಗೆ ಹಿಂದಿನ ಡಿಕ್ಕಿ ಮ್ಯಾಲ ಕಂದು ಬಣ್ಣದ ಸಾಸಿವಿ ಕಾಳಿಗಿಂತ ಸಣ್ಣ ಚುಕ್ಕಿ ಕಾಣ್ತಾವಲ್ಲ, ಅವೇ. ದಿನಾ ರೈಲ್ವೆ ಸ್ಟೇಷನ್ ಕಡಿ ಗಾಡಿ ನಿಲ್ಸೋರಿಗೆ ಇನ್ನಾ ಜಾಸ್ತಿ, ರೈಲಿನ ಬ್ರೇಕ್ ಧೂಳೂ ಕೂಡ್ತದ. ಸ್ಪ್ರೇ ಹೊಡದು ಮೂರ್ನಾಲ್ಕು ನಿಮಿಷ ಕಾಯ್ರಿ, ಕಬ್ಬಿಣ ಇದ್ದಲ್ಲಿ ನೇರಳಿ ಬಣ್ಣ ಬಿಟ್ಟು ಕೆಳಗ ಹರ್ಕೊಂಡ್ ಬರ್ತದ, ಮೊದಲ್ನೇ ಸಲ ನೋಡೋರು ಗಾಬರಿ ಆಗ್ತಾರ ಪೇಂಟೇ ಹೊಂಟದೇನೋ ಅಂತ. ಥಯೋಗ್ಲೈಕೊಲೇಟ್ ಅಂತ ಒಂದು ಕೆಮಿಕಲ್ ಇರ್ತದ ಅದರಾಗ, ಅದು ಕಬ್ಬಿಣಕ್ಕ ಹತ್ತಿದಾಗ ಬರೋ ಬಣ್ಣ ಅದು. ಕೂದಲಾ ತೆಗ್ಯೋ ಕ್ರೀಮಿನಾಗೂ ಇದೇ ಜಾತಿ ಕೆಮಿಕಲ್, ಅದಕ್ಕೇ ಅದೇ ಹೊಲಸು ವಾಸನಿ. ಕೈಗೆ ಗ್ಲೌಸ್ ಹಾಕ್ಕೋರಿ, ವಿನೆಗರ್ ಜೋಡಿ ಕೂಡಿಸಬ್ಯಾಡ್ರಿ, ನಡುವ ನೀರ್ ಛಲೋತ್ನಂಗ ಹೊಡೀರಿ, ಮನಿ ಮಂದಿ ಊಟಕ್ಕ ಕುಂತಾಗ ಪೋರ್ಚಿನಾಗ ಈ ಕೆಲಸ ಇಟ್ಕೋಬ್ಯಾಡ್ರಿ.

ಡಾಂಬರ್ ಹನಿ ಇದ್ರ, ಹುಮನಾಬಾದ್ ರೋಡೋ ಜೇವರ್ಗಿ ರೋಡೋ ಎಲ್ಲಾದ್ರೂ ಒಂದ್ ಕಡಿ ಕೆಲಸ ನಡದೇ ಇರ್ತದ, ಬಾಗಲಾದ ಕೆಳಗ ಕರೀ ಚುಕ್ಕಿ ಬಿದ್ದಿರ್ತಾವ, ಅದಕ್ಕ ಟಾರ್ ರಿಮೂವರ್ ಅರಬಿಗ್ ಹಾಕಿ ಒತ್ತಿ ಹಿಡದು ಒರಸಿ ಮತ್ತ ಶಾಂಪೂ ನೀರ್ಲೇ ತೊಳೀರಿ.

ಇಷ್ಟಾದ್ ಮ್ಯಾಲ ಉಳದದ್ದಕ್ಕ ಕ್ಲೇ. ನೂರ್ ಗ್ರಾಂ ತುಂಡ್ ಇದ್ರ ಅದರಾಗ ಕಾಲು ಭಾಗ ಮುರಕೊಂಡು, ಉಳದದ್ದು ಡಬ್ಬ್ಯಾಗ ಇಡ್ರಿ. ಉಗುರುಬೆಚ್ಚನ ನೀರಾಗ ಅದ್ದಿ ನಾದಿ ತಟ್ಟಿ ನಾಕ್ ಬೆರಳ ಅಗಲ ಮಾಡ್ಕೋರಿ. ಪತ್ರದ ಮ್ಯಾಲ ಶಾಂಪೂ ನೀರು ಧಾರಾಳ ಹೊಡದು, ಒಂದೂವರಿ ಫೂಟ್ ಜಾಗಾದಾಗ ಸೀದಾ ಗೆರಿ ಹೊಡದಂಗ ಆ ಕಡಿ ಈ ಕಡಿ ಆಡಿಸ್ರಿ, ಗುಂಡಗ ತಿರುವಬ್ಯಾಡ್ರಿ, ಒತ್ತಬ್ಯಾಡ್ರಿ. ಶುರುವಿಗೆ ಕ್ಲೇ ತಡದು ತಡದು ಹೋಗ್ತದ, ಕೈಗೆ ಗರಗರ ಅಂತ ತಿಳೀತದ, ಎಂಟ್ಹತ್ತು ಸಲ ಆಡಿಸೋದ್ರಾಗ ಆ ಸಪ್ಪಳ ಕಮ್ಮಿ ಆಗಿ ಒಮ್ಮಿಗೇ ಜಾರ್ಲಾಕ ಹತ್ತತದ. ಆಗ ತಿರುವಿ ನೋಡ್ರಿ, ಬಿಳೀ ಕ್ಲೇ ಬೂದಿ ಬಣ್ಣ ಆಗಿರ್ತದ, ನಡುವ ನಡುವ ಕಂದು ಚುಕ್ಕಿ. ಮಡಚಿ ಸ್ವಚ್ಛ ಮಗ್ಗಲು ಹೊರಗ ಮಾಡ್ಕೊಂಡು ಮುಂದಿನ ಜಾಗಾಕ್ಕ ಹೋಗ್ರಿ. ಕೈ ಜಾರಿ ಕೆಳಗ ಬಿತ್ತಂದ್ರ ಕಸದ ಬುಟ್ಟಿಗೇ, ಎಷ್ಟ್ ತೊಳದ್ರೂ ಶಾಬಾದ್ ಕಲ್ಲಿನ ಉಸುಕು ಅದರಾಗಿಂದ ಬರಲ್ಲ, ಅದಕ್ಕೇ ಪೂರಾ ತುಂಡು ತಗೋಬ್ಯಾಡ್ರಿ ಅಂದಿದ್ದು. ಮತ್ತ ಪ್ಲಾಸ್ಟಿಕ್ ಚೀಲ ಹಾಕ್ಕೊಂಡು ಸವರಿ ನೋಡ್ರಿ, ಈಗ ಕಾಜಿನಂಗ ಇರ್ತದ.

ಹೊಸಾ ಗಾಡಿಗೆ ಇದೆಲ್ಲಾ ಯಾಕ ಅಂತ ಕೇಳ್ತಾರ. ಹೊಸಾ ಗಾಡಿ ಶೋರೂಮಿನಾಗ ಹುಟ್ಟಲ್ರಿ, ಫ್ಯಾಕ್ಟರಿ ಯಾರ್ಡಿನಾಗ ಬಿಸಲಿಗೆ ನಿಂತು, ಲಾರಿ ಇಲ್ಲಾ ರೈಲಿನಾಗ ಬಂದು, ಇಲ್ಲಿ ಸ್ಟಾಕ್ ಯಾರ್ಡಿನಾಗ ಮತ್ತ ನಿಂತು ನಮ್ಮ ಕೈಗೆ ಬರ್ತದ. ಪಾಲಿಶ್ ಬ್ಯಾಡ ಅಂದ್ರೂ ಐರನ್ ರಿಮೂವರ್ ಮತ್ತ ಕ್ಲೇ ಬೇಕು. ಆದ್ರ ಡೆಂಟಿಂಗ್ ಪೇಂಟಿಂಗ್ ಆಗಿ ಬಂದ ಬಾಗಲಾ ಇದ್ರ ಮಾತ್ರ ತಡೀರಿ, ಓವನ್‌ನಾಗ ಕಾಸದ ಹೊರಗಿನ ಗಾಳ್ಯಾಗ ಒಣಗಿಸಿದ ಪೇಂಟಿನಾಗಿಂದ ಥಿನ್ನರ್‌ನಂಥ ಸಾಲ್ವೆಂಟ್ ಹೊರಗ ಹೋಗ್ಲಾಕ ಕಮ್ಮೀತ್ ಕಮ್ಮಿ ಒಂದ್ ತಿಂಗ್ಳು ಬೇಕು, ಅಷ್ಟರಾಗೇ ಸೀಲ್ ಮಾಡಿದ್ರ ಒಳಗೇ ಸಿಕ್ಕಿ ಪೇಂಟ್ ಮೆತ್ತಗ ಉಳೀತದ.

ಪಾಲಿಶಿಂಗ್ ಬಗ್ಗೆ ನಂದು ಜರಾ ಬಿಗಿ ಅಭಿಪ್ರಾಯ. ಕ್ಲೇ ಮಾಡಿದ್ರ ಸಣ್ಣ ಗೀರು ಬೀಳೋದು ಇದ್ದದ್ದೇ, ಅದಕ್ಕ ಒಂದ್ ಫಿನಿಶಿಂಗ್ ಪಾಲಿಶ್ ಹಚ್ಚಿದ್ರ ಹಳೀ ಸೀಲಂಟೂ ಹೋಗ್ತದ, ಪತ್ರಾನೂ ನುಣ್ಣಗ ಆಗ್ತದ, ಹೊಸಾದು ಛಲೋ ಹಿಡೀತದ. ಆದ್ರ ಕ್ಲಿಯರ್ ಕೋಟ್ ಇರೋದೇ ಸುಮಾರು 40, 50 ಮೈಕ್ರಾನ್, ನಮ್ಮ ತಲೀ ಕೂದಲಾಕಿಂತ ತೆಳ್ಳಗ. ವರ್ಷಾ ವರ್ಷಾ ಕಟಿಂಗ್ ಕಂಪೌಂಡ್, ಅಂದ್ರ ಕೆರದು ತೆಗ್ಯೋ ಒರಟ ಪಾಲಿಶ್, ಹಾಕಿ ರೋಟರಿ ಮಷೀನಿಲೇ ಉಜ್ಜಿಸ್ತಾ ಹೋದ್ರ ಒಂದಿನ ಅಂಚಿನಾಗ ಪ್ರೈಮರ್ ಕಾಣ್ತದ. ಡಿಎ ಮಷೀನ್, ಅಂದ್ರ ತಿರುಗ್ತಾ ಅಳ್ಳಾಡೋ ಪಾಲಿಶ್ ಮಷೀನ್, ಇದ್ರ ಮೆತ್ತನ ಪ್ಯಾಡ್, ಸಣ್ಣ ಪಾಲಿಶ್, ಒಂದ್ ಸುತ್ತು, ಅಷ್ಟೇ. ಮಷೀನ್ ಇಲ್ಲಂದ್ರ ಕೈಲೇ ಹಚ್ರಿ, ಅದೂ ಆಗಲ್ಲಂದ್ರ ಬಿಟ್ಟೇ ಬಿಡ್ರಿ, ಸೀಲಂಟ್ ಬಾಳಿಕಿಗೆ ಸ್ವಚ್ಛ ಇರೋದು ಮುಖ್ಯ, ಗೀರು ಇದ್ರೂ ಅದು ಹತ್ಕೊಳ್ತದ. ಮತ್ತ ಪ್ಯಾಟ್ಯಾಗ ಒಂದೇ ಸಲಕ್ಕ ಗೀರು ಮಾಯ ಅಂತ ಮಾರೋ ಕ್ರೀಮ್‌ಗಳಾಗ ಬಹಳಷ್ಟು ಎಣ್ಣಿ ಮತ್ತ ಫಿಲ್ಲರ್ ಇರ್ತಾವ, ಗೀರು ತುಂಬಿ ಮುಚ್ಚತಾವ ಅಷ್ಟೇ, ತೊಳದಂಗ ತೊಳದಂಗ ಅವು ಹೊಂಟ್ರ ಮ್ಯಾಲಿನ ಸೀಲಂಟ್ ಎಲ್ಲಿ ನಿಲ್ಬೇಕು.

ಕೊನೀ ನೀರು ಬೋರಿಂದು ಹಾಕಬ್ಯಾಡ್ರಿ. ಇಷ್ಟೆಲ್ಲಾ ಮಾಡಿ ಮತ್ತ ಅದೇ ಸುಣ್ಣ ಕೂಡಿಸಿದ್ರ ಕಥೀ ಮೊದಲಿಂದ. ಓಣ್ಯಾಗ ಶುದ್ಧ ನೀರಿನ ಘಟಕದಾಗ ಕಾಯಿನ್ ಹಾಕಿದ್ರ 20 ಲೀಟರ್ ಬರ್ತದಲ್ಲ, ಅದರಾಗ ಅರ್ಧಾ ಕ್ಯಾನ್ ಗಿಡಕ್ಕ ಹೊಡ್ಯೋ ಸ್ಪ್ರೇ ಪಂಪಿನಾಗ ತುಂಬಿ ಮ್ಯಾಲಿಂದ ಇಳಿಬಿಡ್ರಿ, ಒಂದ್ ಗಾಡಿಗೆ ಸಾಕು. ದೊಡ್ಡ ಮೈಕ್ರೋಫೈಬರ್ ಅರಬಿ ಹಾಸಿ ಎಳೀರಿ. ಕನ್ನಡಿ ಕೆಳಗ, ಬಾಗಲಾ ಹಿಡಿಕಿ ಹಿಂದ, ನಂಬರ್ ಪ್ಲೇಟ್ ಸಂದ್ಯಾಗ ನೀರ್ ಅಡಗಿ ಕುಂತಿರ್ತದ, ಅದನ್ನೂ ಬ್ಲೋವರ್‌ಲೇ ಇಲ್ಲಾ ಒಂದ್ ಸಣ್ಣ ರೌಂಡ್ ಗಾಡಿ ಓಡಿಸಿ ತೆಗೀರಿ, ಇಲ್ಲಂದ್ರ ನೀವು ಸೀಲಂಟ್ ಹಚ್ಚೋವಾಗೇ ಗೆರಿ ಗೆರಿ ಇಳ್ಕೊಂಡ್ ಬರ್ತದ.

ಆಮ್ಯಾಲ ಐಪಿಎ, ಐಸೋಪ್ರೊಪೈಲ್ ಆಲ್ಕೋಹಾಲ್. ಲ್ಯಾಬ್ ಕೆಮಿಕಲ್ ಮಾರೋ ಅಂಗಡ್ಯಾಗ ಸಿಗ್ತದ. ಒಂದ್ ಪಾಲು ಅದಕ್ಕ ನಾಕೈದು ಪಾಲು ಆರ್‌ಓ ನೀರು, ಅರಬಿಗೆ ಸ್ಪ್ರೇ ಮಾಡಿ ಒಂದೊಂದು ಪತ್ರ ಒರಸಿ, ಒಣ ಅರಬಿಲೇ ಹಿಂದಿನಿಂದಲೇ ಒರಸ್ಕೊಂಡ್ ಹೋಗ್ರಿ. ಪಾಲಿಶಿನ ಎಣ್ಣಿ, ನಮ್ಮ ಕೈ ಬೆವರು, ಟಾರ್ ರಿಮೂವರ್ ಉಳದದ್ದು ಎಲ್ಲಾ ಎದ್ದು ಬರ್ತದ. ಕರೋನಾ ಟೈಮಿನ ಸ್ಯಾನಿಟೈಸರ್ ಕ್ಯಾನ್ ಮನ್ಯಾಗ ಬಿದ್ದಾವ, ಅದೂ ಆಲ್ಕೋಹಾಲೇ ಅಲ್ಲೇನು ಅಂತ ಕೇಳ್ಬ್ಯಾಡ್ರಿ. ಅದರಾಗ ಕೈ ಒಡೀಬಾರ್ದು ಅಂತ ಗ್ಲಿಸರಿನ್ ಹಾಕಿರ್ತಾರ, ಅದು ಪೇಂಟಿನ ಮ್ಯಾಲ ಜಿಗಟ ಪದರ ಬಿಡ್ತದ. ಇದಾದ್ ಮ್ಯಾಲ ಬರೀ ಕೈಲೇ ಬಾನೆಟ್ ಮುಟ್ಟಬ್ಯಾಡ್ರಿ, ಮನ್ಯಾಗ ಹುಡುಗ್ರಿದ್ರ ಬೆರಳಲೇ ಹೆಸರ ಬರೀಲಾಕ ಕಾಯ್ತಾ ಇರ್ತಾವ, ಮೊದ್ಲೇ ಚಾಕ್ಲೇಟ್ ಕೊಟ್ಟು ಒಳಗ ಕಳಿಸ್ರಿ.

ಹಚ್ಚೋದು ಇಷ್ಟರಾಗ ಭಾಳ ಹಗೂರ ಕೆಲಸ. ಸಂಜಿಕ, ನೆರಳಾಗ, ಪ್ಯಾಡಿಗೆ ನಾಕ್ ಹನಿ, ಕಂಡೂ ಕಾಣದಂಗ ತೆಳ್ಳಗ. ಇಡೀ ಗಾಡಿಗೆ 20 ಎಂಎಲ್ ಆಸುಪಾಸು ಸಾಕು, ದಪ್ಪ ಹಚ್ಚಿದ್ರ ಜಾಸ್ತಿ ದಿನ ಬರಲ್ಲ, ಒರಸೋದ್ರಾಗ ರಟ್ಟಿ ಬೀಳ್ತದ ಅಷ್ಟೇ. ಮಂಜು ಹಿಡದಂಗ ಆದ್ ಮ್ಯಾಲ ಬೆರಳಿಗೆ ಅರಬಿ ಸುತ್ಕೊಂಡು ಒಂದ್ ಗೆರಿ ಎಳ್ದು ನೋಡ್ರಿ, ಸ್ವಚ್ಛ ಬಿಡಿಸ್ಕೊಂಡ್ರ ಒರಸ್ರಿ, ಮೆತ್ಕೊಂಡ್ರ ಇನ್ನಾ ಕಾಯ್ರಿ. ಆಮ್ಯಾಲ ರಾತ್ರಿ ಪೂರಾ ನೀರ್ ತಾಕಬಾರ್ದು, ಡಬ್ಬಿ ಮ್ಯಾಲ ಬರದಷ್ಟು ತಾಸು, ಹೆಚ್ಚಾಗಿ 12ರಿಂದ 24. ಥಂಡಿ ದಿನದಾಗ ಇಬ್ಬನಿ ಬೀಳ್ತದ, ಬಯಲಾಗ ನಿಲ್ಸೋರು ಆ ಒಂದ್ ರಾತ್ರಿ ಯಾರ್ದಾರ ಪೋರ್ಚ್ ಕೇಳ್ಕೋರಿ. ಹೊಸಾ ಸೀಲಂಟ್ ಮ್ಯಾಲ ಕವರ್ ಹೊಚ್ಚೋದೂ ಬ್ಯಾಡ.

ಇನ್ನೊಂದ್ ಮಾತು, ನೀರ್ ಉರುಳೋದು ನಿಂತದ ಅಂದ ಕೂಡ್ಲೇ ಸೀಲಂಟ್ ಹೋಯ್ತು ಅಂತ ತಿಳ್ಕೋಬ್ಯಾಡ್ರಿ. ನಮ್ಮಲ್ಲಿ ಭಾಳ ಸಲ ಅದು ಹೋಗಿರಲ್ಲ, ಅದರ ಮ್ಯಾಲ ಸುಣ್ಣದ ಪದರ ಕುಂತಿರ್ತದ. ಶಾಂಪೂ ವಾಷ್ ಮಾಡಿ, ಒಂದೇ ಪತ್ರಕ್ಕ ಮೊದಲಿನಂಗೇ ನೀರ್ ಕೂಡಿಸಿದ ವಿನೆಗರ್ ಅರಬಿ ಆಡಿಸಿ ತೊಳದು, ಪಕ್ಕದ ಪತ್ರದ ಜೋಡಿ ನೀರ್ ಹಾಕಿ ನೋಡ್ರಿ. ಇಲ್ಲಿ ಹನಿ ಕಟ್ಟಿ ಅಲ್ಲಿ ಕಟ್ಟಲಿಲ್ಲಂದ್ರ ಸೀಲಂಟ್ ಇನ್ನಾ ಜೀವಂತ ಅದ, ಉಳದ ಗಾಡಿಗೂ ಅಷ್ಟೇ ಮಾಡಿ ಸುಮ್ನ ಇರ್ರಿ, ಹೊಸಾ ಡಬ್ಬಿ ರೊಕ್ಕ ಉಳೀತು. ಎರಡೂ ಕಡಿ ಕಟ್ಟಲಿಲ್ಲಂದ್ರ ಖರೇನೇ ಹೋಗ್ಯದ.

ಮತ್ತ ದಿನಾ ಮುಂಜಾನಿ ಒಣ ಅರಬಿಲೇ ಗಾಡಿ ಒರಸೋ ಹುಡುಗ ಇದ್ರ ಅಂವಗ ತಿಂಗ್ಳಿನ ರೊಕ್ಕ ಪೂರಾ ಕೊಟ್ಟು, ಬರೇ ಕಾಜು ಒರಸು ಸಾಕಪ್ಪಾ, ಪತ್ರಕ್ಕ ಕೈ ಹಚ್ಚಬ್ಯಾಡ ಅಂತ ಹೇಳ್ರಿ. ಸಿಮೆಂಟ್ ಪುಡಿ ಮ್ಯಾಲ ಒಣ ಅರಬಿ ಎಳ್ಯೋದು ಯಾವ ಸೀಲಂಟೂ ತಡ್ಕೊಳ್ಳಲ್ಲ. ನಮ್ಮ ಅಳಿಯನ ಅಪಾರ್ಟ್‌ಮೆಂಟಿನಾಗ ವಾಚ್‌ಮನ್ ಒಂದೇ ಅರಬಿಲೇ ಹನ್ನೆರಡು ಗಾಡಿ ಒರಸ್ತಾನಂತ, ಆ ಅರಬಿ ಒಮ್ಮಿ ಫೋಟೋ ಹೊಡದು ಕಳ್ಸು ಅಂದೀನಿ, ಬಂದ್ರ ಇಲ್ಲೇ ಹಾಕ್ತೀನಿ.